ದಾರ ಕಳಚಿದ ಗಾಳಿಪಟಗಳು

ಆಷಾಢದಲ್ಲಿ ನಮ್ಮ ಹುಡುಗರು ಹಾರಿಸುವ ಗಾಳಿಪಟ ಕಾನೂನಿನ ಲೆಕ್ಕದಲ್ಲಿ ವಿಮಾನವಾಗಿತ್ತು ಅಂದರೆ ನಂಬುತ್ತೀರಾ? ನಗಬೇಡಿ. 1934ರ ವಿಮಾನ ಕಾಯ್ದೆ ‘ವಿಮಾನ’ ಅಂದರೇನು ಎಂದು ಹೇಳುವಾಗ ಬಲೂನು, ಗ್ಲೈಡರುಗಳ ಜೊತೆ ಗಾಳಿಪಟವನ್ನೂ ಹೆಸರಿಸಿ ಸೇರಿಸಿತ್ತು. 2025ರ ಜನವರಿ 1ರಂದು ಭಾರತೀಯ ವಾಯುಯಾನ ಅಧಿನಿಯಮ ಬರುವವರೆಗೂ, ಅಂದರೆ ಹೆಚ್ಚುಕಮ್ಮಿ ತೊಂಬತ್ತು ವರ್ಷ, ಆ ಕಾಯ್ದೆ ಇತ್ತು. ಆದರೆ ಗಾಳಿಪಟ ಹಾರಿಸುವ ಹುಡುಗನ ಹತ್ತಿರ ಲೈಸೆನ್ಸ್ ಕೇಳಿದವರನ್ನು ನಾನಂತೂ ಕಂಡಿಲ್ಲ.

ಯಾಕೆ ಕೇಳಲಿಲ್ಲ? ದಾರ ಇತ್ತಲ್ಲ, ಅದಕ್ಕೆ!

ನಮ್ಮ ಶಿವಾರಪಟ್ಟಣ, ಮಾಲೂರು ತಾಲ್ಲೂಕಿನದು, ಶಿಲ್ಪಿಗಳ ಊರು. ಇಲ್ಲಿ ‘ಸೂತ್ರ’ ಅಂದರೆ ಎರಡು ಅರ್ಥ. ಮೂರ್ತಿಯ ನಡುವೆ ನೆತ್ತಿಯಿಂದ ಪಾದದವರೆಗೆ ಹಿಡಿಯುವ ಗೆರೆ ಬ್ರಹ್ಮಸೂತ್ರ. ಎಡಬಲದ ಅಳತೆಗೆಲ್ಲ ಅದೇ ಆಧಾರ. ಇನ್ನೊಂದು, ಗಾಳಿಪಟದ ಎದೆಗೆ ಕಟ್ಟುವ ಸೂತ್ರ. ಪಟ ಎಷ್ಟು ಎತ್ತರ ಹೋಗಬೇಕು, ಎಷ್ಟು ದೂರ, ಯಾರ ಕೈಯಲ್ಲಿದೆ... ಎಲ್ಲವನ್ನೂ ದಾರವೇ ಹೇಳುತ್ತದೆ. ಪಟ ಯಾರದೋ ತೆಂಗಿನ ಮರಕ್ಕೆ ಸಿಕ್ಕಿಕೊಂಡರೆ ದಾರ ಹಿಡಿದು ಹೋದರಾಯಿತು, ಹುಡುಗ ಸಿಗುತ್ತಾನೆ. ನೋಂದಣಿ ಸಂಖ್ಯೆ ಬೇಕೇ ಇಲ್ಲ. ದಾರವೇ ಕತ್ತಿಯಾದಾಗ ಮಾತ್ರ ಕಾನೂನು ಬಂತು: ನೈಲಾನ್ ಮಾಂಜಾ ಹಕ್ಕಿಗಳನ್ನೂ ಬೈಕ್ ಸವಾರರ ಕತ್ತನ್ನೂ ಕೊಯ್ಯತೊಡಗಿದ ಮೇಲೆ, 2017ರ ಜುಲೈನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ದೇಶಾದ್ಯಂತ ನಿಷೇಧಿಸಿತು.

ಮಾದರಿ ವಿಮಾನಗಳ ಚರಿತ್ರೆಯೂ ನನಗೆ ಈ ದಾರದ ಕಥೆಯಾಗಿಯೇ ಕಾಣುತ್ತದೆ. 1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ರಬ್ಬರ್ ಹುರಿಯಿಂದ ತಿರುಗುವ ಪುಟ್ಟ ವಿಮಾನವನ್ನು ಪ್ಯಾರಿಸ್ಸಿನ ಉದ್ಯಾನದಲ್ಲಿ ಹಾರಿಸಿದ. ಹನ್ನೊಂದು ಸೆಕೆಂಡು, ಸುಮಾರು 40 ಮೀಟರು, ಅಷ್ಟೇ. ಕೈಬಿಟ್ಟ ಮೇಲೆ ಅದು ಹೋದದ್ದೇ ದಾರಿ. ಎಂಜಿನ್ ಕೂರಿಸಿದ ಮೇಲೆ ಹಾಗೆ ಬಿಡುವುದು ಕಷ್ಟ. 1940ರ ಸುಮಾರಿಗೆ ಅಮೆರಿಕದ ಜಿಮ್ ವಾಕರ್ ಕಂಟ್ರೋಲ್ ಲೈನ್ ವಿಮಾನಗಳನ್ನು ಜನಪ್ರಿಯಗೊಳಿಸಿದ. ಕೈಯಲ್ಲೊಂದು ಹಿಡಿ, ಅದರಿಂದ ಎರಡು ತಂತಿ, ತಂತಿಯ ತುದಿಯಲ್ಲಿ ಸುತ್ತಲೂ ಗಿರಕಿ ಹೊಡೆಯುವ ವಿಮಾನ. ನಮ್ಮ ಎನ್‌ಸಿಸಿ ವಾಯುದಳದ ಮಕ್ಕಳು ಏರೋಮಾಡೆಲಿಂಗ್‌ನಲ್ಲಿ ಹಾರಿಸುವ ಒಂದು ಬಗೆ ಇದೇ. ತಂತಿಯಷ್ಟು ಉದ್ದದ ವೃತ್ತದಾಚೆ ನಿಂತವರಿಗೆ ಭಯವಿಲ್ಲ.

ಈ ನಡುವೆ 1937ರಲ್ಲೇ ಗುಡ್ ಸಹೋದರರು ರೇಡಿಯೋ ಮೂಲಕ ಮಾದರಿ ವಿಮಾನ ಹಾರಿಸಿದ್ದರು. ತಂತಿ ಹೋಯಿತು. ಆಗ ದಾರವಾದದ್ದು ಕಣ್ಣು. ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹಾರಿಸಬೇಕು, ಇಲ್ಲದಿದ್ದರೆ ವಿಮಾನ ಕೈತಪ್ಪಿದ ಹಾಗೆಯೇ. 1981ರಲ್ಲಿ ಅಮೆರಿಕದ ವಾಯುಯಾನ ಇಲಾಖೆ ಹವ್ಯಾಸಿಗಳಿಗೆಂದು ಒಂದು ಪುಟ್ಟ ಸಲಹಾಪತ್ರ ಹೊರಡಿಸಿತು. ಜನವಸತಿಯಿಂದ ದೂರ ಹಾರಿಸಿ, 400 ಅಡಿ ದಾಟಬೇಡಿ, ವಿಮಾನ ನಿಲ್ದಾಣ ಮೂರು ಮೈಲಿಯೊಳಗಿದ್ದರೆ ಅವರಿಗೆ ತಿಳಿಸಿ. ದಂಡವಿಲ್ಲ, ಶಿಕ್ಷೆಯಿಲ್ಲ, ಎಲ್ಲ ಸ್ವಇಚ್ಛೆ! ಮೂರು ದಶಕ ಅದೇ ಸಾಕಾಯಿತು.

ಹೇಗೆ ಸಾಕಾಯಿತು? ಕಾರಣ ಸರಳ ಅಂತ ನನಗನ್ನಿಸುತ್ತದೆ. ಬಾಲ್ಸಾ ಕಡ್ಡಿ ಕೊಯ್ದು, ಅಂಟಿಸಿ, ಕಾಗದ ಹೊದಿಸಿ ತಿಂಗಳುಗಟ್ಟಲೆ ಕೂತು ಮಾಡಿದ ವಿಮಾನವನ್ನು ಜನರ ತಲೆ ಮೇಲೆ ಹುಚ್ಚಾಪಟ್ಟೆ ಯಾರು ಬಿಡುತ್ತಾರೆ? ಕಲಿಸಲು ಪಕ್ಕದಲ್ಲೊಬ್ಬ ಹಿರಿಯ ಬೇಕಿತ್ತು. ವಿಮಾನ ಕಟ್ಟುತ್ತಾ ಕಟ್ಟುತ್ತಾ ವಿವೇಕವೂ ಬೆಳೆಯುತ್ತಿತ್ತು. ಇಲ್ಲಿನ ಶಿಲ್ಪಿಗಳೂ ಹಾಗೆಯೇ, ಉಳಿ ಹಿಡಿದ ದಿನವೇ ದೇವರ ಕಣ್ಣು ಬಿಡಿಸಲು ಕೂರುವುದಿಲ್ಲ.

2013ರಲ್ಲಿ ಡಿಜೆಐ ಫ್ಯಾಂಟಮ್ ಬಂದಾಗ ಈ ಲೆಕ್ಕ ತಲೆಕೆಳಗಾಯಿತು. ಡಬ್ಬಿ ಬಿಚ್ಚಿದ ದಿನವೇ ಹಾರುತ್ತದೆ, ಜಿಪಿಎಸ್ ಹಿಡಿದು ಗಾಳಿಯಲ್ಲಿ ತಾನೇ ನಿಲ್ಲುತ್ತದೆ. ಡಬ್ಬಿಯಲ್ಲಿ ಎಲ್ಲವೂ ಇತ್ತು, ಹಿರಿಯನೊಬ್ಬ ಇರಲಿಲ್ಲ. 2014ರ ಮೇನಲ್ಲಿ ಮುಂಬೈಯಲ್ಲಿ ಪಿಟ್ಜಾ ಸಾಗಿಸಿದ ಡ್ರೋನು ಸುದ್ದಿಯಾಯಿತು, ಅದೇ ಅಕ್ಟೋಬರ್‌ನಲ್ಲಿ ಡಿಜಿಸಿಎ ನಾಗರಿಕರ ಡ್ರೋನುಗಳನ್ನೇ ತಡೆದು ಪ್ರಕಟಣೆ ಹೊರಡಿಸಿತು. ಮೊದಲ ನಿಯಮಗಳು ಜಾರಿಯಾದದ್ದು 2018ರ ಡಿಸೆಂಬರ್ 1ಕ್ಕೆ. ಅದೇ ತಿಂಗಳು ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಡ್ರೋನು ಕಂಡಿತೆಂಬ ವರದಿಗಳಿಂದಲೇ ಸುಮಾರು ಸಾವಿರ ವಿಮಾನಗಳ ಹಾರಾಟ ಅಸ್ತವ್ಯಸ್ತವಾಯಿತು. ಹಾರಿಸಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಹಿಡಿದು ಹೋಗಲು ದಾರವೇ ಇರಲಿಲ್ಲವಲ್ಲ!

ಈಗಿರುವುದು 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿಲೋಮೀಟರಿನೊಳಗಾದರೆ 200 ಅಡಿಯವರೆಗೆ ಮಾತ್ರ. ಇನ್ನೂ ಹತ್ತಿರ ಹೋದರೆ ಅನುಮತಿ ಬೇಕೇ ಬೇಕು. 2 ಕಿಲೋದೊಳಗಿನ ಡ್ರೋನನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ತಪ್ಪಿದರೆ ದಂಡ ಒಂದು ಲಕ್ಷದವರೆಗೆ. ಗಮನಿಸಿದಿರಾ? 1981ರ ಆ 400 ಅಡಿ ಇಲ್ಲಿಯೂ ಇದೆ. ಅಂದು ಸಲಹೆ, ಇಂದು ಕಾನೂನು. ಕಳಚಿ ಹೋದ ದಾರವನ್ನು ಸರ್ಕಾರ ನಕ್ಷೆಯ ಮೇಲೆ ಮತ್ತೆ ಎಳೆದಿದೆ.

ಆದರೆ ನಕ್ಷೆಗೆ ಎಲ್ಲವೂ ಗೊತ್ತಿರುವುದಿಲ್ಲ. ಇವತ್ತು ಊರಲ್ಲಿ ತೇರು, ಕೆಳಗೆ ಸಾವಿರ ತಲೆ ಎಂದು ಹಸಿರು ಬಣ್ಣ ಹೇಳುವುದಿಲ್ಲ. ಗಾಳಿಪಟಕ್ಕೆ ಹದವಾದ ಆಷಾಢದ ಗಾಳಿ 250 ಗ್ರಾಮಿನ ಡ್ರೋನನ್ನು ಪಕ್ಕದೂರಿಗೆ ಎತ್ತಿಕೊಂಡು ಹೋಗಬಹುದು, ಪಟಗಳ ದಾರ ಅದರ ರೆಕ್ಕೆಗೆ ಸುತ್ತಿಕೊಂಡರೆ ಬೀಳುವುದು ಯಾರದೋ ಮಗುವಿನ ಮೇಲೆ. ಪಕ್ಕದ ಮನೆಯ ಹಿತ್ತಲಿನ ಮೇಲೆ ಕ್ಯಾಮೆರಾ ನಿಲ್ಲಿಸಬಾರದೆಂದು ಯಾವ ಬಣ್ಣ ಹೇಳಬೇಕು?

ನಾಲ್ಕು ವರ್ಷ ಬಾಗಿಲು ಹಾಕಿದಾಗ ನೊಂದವರು ಪುಂಡರಲ್ಲ, ಅವರು ಹೇಗೂ ಹಾರಿಸುತ್ತಿದ್ದರು. ನೊಂದದ್ದು ಅಚ್ಚುಕಟ್ಟಾಗಿ ಹಾರಿಸುತ್ತಿದ್ದವರು. ಇನ್ನೊಮ್ಮೆ ಯಾರದೋ ತಲೆಯ ಮೇಲೆ ಡ್ರೋನು ಬಿದ್ದರೆ ಮತ್ತೆ ಹಾಗೇ ಆಗುತ್ತದೆ. ಆದ್ದರಿಂದ ಹೊಸಬರ ಪಕ್ಕದಲ್ಲಿ ನಿಂತು “ಇವತ್ತು ಬೇಡ ಕಣೋ” ಅನ್ನುವ ಹಿರಿಯರು ಊರಿಗೊಬ್ಬರಾದರೂ ಬೇಕು.

ನಿಮ್ಮೂರಲ್ಲಿ ಅಂಥವರು ಇದ್ದಾರಾ?