ಫಲಕದಲ್ಲಿ ಹೆಸರು, ಬಾಗಿಲಲ್ಲಿ ತಡೆ

ಕಳೆದ ಶತಮಾನದ ಮೂವತ್ತು, ನಲವತ್ತರ ದಶಕಗಳಲ್ಲಿ ಅಮೆರಿಕದ ನೃತ್ಯಶಾಲೆಗಳನ್ನು ಆಳಿದ್ದು ಬಿಗ್ ಬ್ಯಾಂಡ್‌ಗಳು. ಹದಿನೈದರ ಆಸುಪಾಸು ವಾದಕರು. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ಸಾಲು, ಜೊತೆಗೆ ಪಿಯಾನೋ, ಡ್ರಮ್. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟನ್ನು ನೋಡಿದವರಿಗೆ ಈ ವಾದ್ಯಗಳಲ್ಲಿ ಕೆಲವು ಹೊಸತಲ್ಲ. ಆದರೆ ಜಾಝ್‌ನಲ್ಲಿ, ಬರೆದಿಟ್ಟ ಸಂಗೀತದ ನಡುವೆ ಒಬ್ಬೊಬ್ಬ ವಾದಕ ಎದ್ದು ನಿಂತು ತನ್ನ ಮನೋಧರ್ಮದಂತೆ ಕೆಲ ಕ್ಷಣ ನುಡಿಸುತ್ತಾನೆ. ಆ ಕೆಲ ಕ್ಷಣಗಳಲ್ಲಿ ನನ್ನನ್ನು ಅತಿ ಹೆಚ್ಚು ಸೆಳೆದವರು ರಾಯ್ ಎಲ್ಡ್ರಿಜ್.

1911ರ ಜನವರಿ 30ರಂದು ಪಿಟ್ಸ್‌ಬರ್ಗ್‌ನಲ್ಲಿ ಜನಿಸಿದ ಎಲ್ಡ್ರಿಜ್ ಕುಳ್ಳಗಿದ್ದರು. ‘ಲಿಟ್ಲ್ ಜಾಝ್’ ಎಂಬುದು ಅವರ ಅಡ್ಡಹೆಸರು. ಟ್ರಂಪೆಟ್ ಎಂದರೆ ಲೂಯಿ ಆರ್ಮ್‌ಸ್ಟ್ರಾಂಗ್ ಎನ್ನುವ ಕಾಲವದು. ಎಲ್ಡ್ರಿಜ್ ಮಾತ್ರ ಕೋಲ್ಮನ್ ಹಾಕಿನ್ಸ್ ಅವರ ಸ್ಯಾಕ್ಸೊಫೋನ್ ವಾದನವನ್ನು ರೆಕಾರ್ಡಿನಿಂದ ಕಂಠಪಾಠ ಮಾಡಿ ಟ್ರಂಪೆಟ್ಟಿನಲ್ಲಿ ನುಡಿಸತೊಡಗಿದರು. ಸ್ಯಾಕ್ಸೊಫೋನ್‌ನಲ್ಲಿ ಸಲೀಸಾಗಿ ಹರಿಯುವ ಸ್ವರಗಳನ್ನು ಮೂರೇ ಗುಂಡಿಗಳ ಟ್ರಂಪೆಟ್ಟಿನಲ್ಲಿ ಹೊರಡಿಸುವುದು ಸುಲಭದ ಮಾತಲ್ಲ. ಅವರ ಮಿಂಚಿನ ವೇಗ ಬಂದದ್ದು ಈ ಹಟದಿಂದಲೇ. 1936ರಲ್ಲಿ ಅವರು ಫ್ಲೆಚರ್ ಹೆಂಡರ್ಸನ್ ಬ್ಯಾಂಡಿನಲ್ಲಿದ್ದರು. ಮುಂದೆ ಜಾಝ್‌ನ ದಿಕ್ಕನ್ನೇ ಬದಲಿಸಿದ ಡಿಝಿ ಗಿಲೆಸ್ಪಿ ಯೌವನದಲ್ಲಿ ಅನುಕರಿಸಿದ್ದು ಇವರನ್ನೇ.

1941ರಲ್ಲಿ ಬಿಳಿಯ ಡ್ರಮ್ ವಾದಕ ಜೀನ್ ಕ್ರೂಪಾ ಅವರನ್ನು ತಮ್ಮ ಬ್ಯಾಂಡಿಗೆ ಕರೆದರು. ಬಿಳಿಯರ ಬ್ಯಾಂಡಿನಲ್ಲಿ ಕಪ್ಪು ವಾದಕನೊಬ್ಬ ಖಾಯಂ ಸದಸ್ಯನಾಗಿ ಸಾಲಿನಲ್ಲಿ ಕೂರುವುದು ಆಗ ತೀರಾ ಅಪರೂಪ. ಗಾಯಕಿ ಅನಿಟಾ ಓಡೇ ಜೊತೆಗಿನ ‘ಲೆಟ್ ಮಿ ಆಫ್ ಅಪ್‌ಟೌನ್’ ಜನಪ್ರಿಯವಾಯಿತು. ಹಾಡಿನ ನಡುವೆ ಬಿಳಿಯ ಯುವತಿ ಕಪ್ಪು ವಾದಕನೊಡನೆ ಸಲುಗೆಯಿಂದ ಮಾತಾಡುತ್ತಾಳೆ. ಆ ದಿನಗಳಲ್ಲಿ ಇದೇ ಒಂದು ಸಾಹಸ. ಅದೇ ವರ್ಷದ ‘ರಾಕಿನ್ ಚೇರ್’ ಕೇಳಬೇಕು. ನಿಧಾನಗತಿಯ ಆ ಹಾಡಿನಲ್ಲಿ ವೇಗದ ಪ್ರದರ್ಶನವಿಲ್ಲ, ಬರೀ ಹೃದಯವಿದೆ. ನನ್ನ ಮಟ್ಟಿಗೆ ಅದೇ ಅವರ ಶ್ರೇಷ್ಠ ಕೃತಿ.

ವೇದಿಕೆಯ ಕೆಳಗಿನ ಕಥೆಯೇ ಬೇರೆ. ಸಹವಾದಕರು ತಂಗುವ ಹೋಟೆಲಿನಲ್ಲಿ ಇವರಿಗೆ ಕೋಣೆಯಿಲ್ಲ, ಅವರು ಉಣ್ಣುವಲ್ಲಿ ಇವರಿಗೆ ಊಟವಿಲ್ಲ. 1944ರಲ್ಲಿ ಆರ್ಟಿ ಶಾ ಬ್ಯಾಂಡ್ ಸೇರಿದ ಮೇಲೂ ಇದು ತಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಒಂದು ಸಭಾಂಗಣದಲ್ಲಿ ಹೊರಗಿನ ಫಲಕದ ಮೇಲೆ ಅವರದೇ ಹೆಸರಿತ್ತು. ಆದರೂ ಇದು ಬಿಳಿಯರ ನೃತ್ಯಕೂಟವೆಂದು ಹೇಳಿ ಅವರನ್ನು ಬಾಗಿಲಲ್ಲೇ ತಡೆಯಲಾಯಿತು. ಕೊನೆಗೂ ಒಳಹೋಗಿ ನುಡಿಸುವಾಗ ಕಣ್ಣೀರು ಹರಿಯುತ್ತಿತ್ತೆಂದು ಅವರೇ ನಂತರ ಹೇಳಿಕೊಂಡರು. 1945ರಲ್ಲಿ ಅದೇ ಬ್ಯಾಂಡಿನೊಡನೆ ಅವರು ನುಡಿಸಿದ ‘ಲಿಟ್ಲ್ ಜಾಝ್’ ಕೇಳುವಾಗಲೆಲ್ಲ ನನಗೆ ಈ ಬಾಗಿಲು ನೆನಪಾಗುತ್ತದೆ.

1950ರಲ್ಲಿ ಬೆನ್ನಿ ಗುಡ್‌ಮನ್ ತಂಡದೊಡನೆ ಯುರೋಪಿಗೆ ಹೋದವರು ಪ್ಯಾರಿಸ್‌ನಲ್ಲೇ ಉಳಿದರು. ಅಲ್ಲಿ ಮೈಬಣ್ಣದ ತೊಡಕಿಲ್ಲದೆ ಬದುಕಿ 1951ರಲ್ಲಿ ಮರಳಿದರು. ಆ ವರ್ಷ ಒಂದು ಸ್ವಾರಸ್ಯಕರ ಪ್ರಸಂಗ ನಡೆಯಿತು. ವಾದನವನ್ನು ಕೇಳಿದರೆ ಸಾಕು, ವಾದಕ ಕಪ್ಪೋ ಬಿಳಿಯೋ ಹೇಳಬಲ್ಲೆನೆಂದು ಅವರು ವಿಮರ್ಶಕ ಲೆನರ್ಡ್ ಫೆದರ್ ಜೊತೆ ಪಂಥ ಕಟ್ಟಿದರು. ಫೆದರ್ ಒಂದೊಂದೇ ರೆಕಾರ್ಡ್ ಹಾಕಿದರು. ಎಲ್ಡ್ರಿಜ್ ಊಹೆ ಮತ್ತೆ ಮತ್ತೆ ತಪ್ಪಾಯಿತು. ಸೋಲನ್ನು ಅವರು ಸಂಕೋಚವಿಲ್ಲದೆ ಒಪ್ಪಿಕೊಂಡರು, ‘ಡೌನ್ ಬೀಟ್’ ಪತ್ರಿಕೆ ಅದನ್ನು ಅಚ್ಚು ಹಾಕಿತು.

1970ರಿಂದ ಸುಮಾರು ಹತ್ತು ವರ್ಷ ಅವರು ನ್ಯೂಯಾರ್ಕಿನ ಜಿಮ್ಮಿ ರಯಾನ್ಸ್ ಕ್ಲಬ್ಬಿನಲ್ಲಿ ನುಡಿಸಿದರು. 1980ರಲ್ಲಿ ಆರೋಗ್ಯ ಕೆಟ್ಟು ಟ್ರಂಪೆಟ್ ಬಿಡಬೇಕಾಯಿತು. ಆಗೊಮ್ಮೆ ಈಗೊಮ್ಮೆ ಹಾಡುತ್ತಿದ್ದರು, ಪಿಯಾನೋ ನುಡಿಸುತ್ತಿದ್ದರು. 1989ರ ಫೆಬ್ರವರಿ 26ರಂದು, ಪತ್ನಿ ತೀರಿಕೊಂಡ ಕೆಲವೇ ವಾರಗಳಲ್ಲಿ, ಅವರೂ ನಿಧನರಾದರು.