ಪ್ರೌಢಶಾಲಾ ವಿದ್ಯಾರ್ಥಿಗಳು ಮತ್ತು ದ್ವಿತೀಯ ಭಾಷೆ ಇಂಗ್ಲಿಷಿನ ಪದಸಂಪತ್ತು: ಪೋಷಕರ ಮಾಹಿತಿಗಾಗಿ

ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಬೋಧಿಸಲಾಗುತ್ತಿದೆ. ಎಸ್.ಎಸ್.ಎಲ್.ಸಿ. ಹಂತದಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಆಯ್ದುಕೊಂಡವರಿಗೆ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆಯಾಗಿದ್ದು, 80 ಅಂಕಗಳ ಲಿಖಿತ ಪರೀಕ್ಷೆ ಹಾಗೂ 20 ಆಂತರಿಕ ಅಂಕಗಳನ್ನು ನಿಗದಿಪಡಿಸಲಾಗಿದೆ.

ಹತ್ತು ವರ್ಷ ಕಲಿತರೂ ಮಗುವಿಗೆ ಇಂಗ್ಲಿಷ್ ಪುಸ್ತಕ ಓದಲು ಬರುವುದಿಲ್ಲವೆಂಬುದು ಪೋಷಕರ ಸಾಮಾನ್ಯ ದೂರಾಗಿದೆ. ವ್ಯಾಕರಣ ದೋಷಕ್ಕಿಂತ ಪದಗಳ ಕೊರತೆಯೇ ಇದಕ್ಕೆ ಹೆಚ್ಚಿನ ಮಟ್ಟಿಗೆ ಕಾರಣವಾಗಿರುತ್ತದೆ. ಭಾಷಾತಜ್ಞ ಮೈಕೇಲ್ ವೆಸ್ಟ್ ಅವರು 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಹೆಚ್ಚು ಬಳಕೆಯ ಸುಮಾರು 2000 ಮೂಲಪದಗಳಿವೆ. ಸಾಮಾನ್ಯ ಬರಹದ ಬಹುಪಾಲು ಈ ಪದಗಳಿಂದಲೇ ಕೂಡಿರುತ್ತದೆ. ಆದರೆ ಪತ್ರಿಕೆ, ಕಾದಂಬರಿಗಳನ್ನು ನೆರವಿಲ್ಲದೆ ಓದಲು 8000ದಿಂದ 9000 ಪದಕುಟುಂಬಗಳು ಬೇಕಾಗುತ್ತವೆಂದು ಪಾಲ್ ನೇಷನ್ ಅವರು 2006ರಲ್ಲಿ ಅಂದಾಜಿಸಿರುತ್ತಾರೆ. ಪಠ್ಯಪುಸ್ತಕದ ಪದಾರ್ಥಗಳನ್ನು ಕಂಠಪಾಠ ಮಾಡುವುದರಿಂದ ಈ ಅಂತರ ತುಂಬುವುದಿಲ್ಲ.

ಪದವೊಂದನ್ನು ಬಲ್ಲೆವೆನ್ನುವುದಕ್ಕೂ ಹಲವು ಮಟ್ಟಗಳಿವೆ. ಬಸ್, ಟಿಕೆಟ್, ಡಾಕ್ಟರ್ ಮುಂತಾದ ನೂರಾರು ಪದಗಳನ್ನು ಹಳ್ಳಿಯ ಮಕ್ಕಳೂ ದಿನನಿತ್ಯ ಆಡುತ್ತಾರೆ. ಆದರೆ ಕನ್ನಡವನ್ನು ಬರೆದಂತೆ ಓದುವ ಮಗು, ‘ನೈಫ್’ ಎಂಬ ಪದದ ಮೊದಲಿಗೆ ಉಚ್ಚಾರಣೆಯಿಲ್ಲದ ‘ಕೆ’ ಅಕ್ಷರವಿರುವುದನ್ನು ಕಂಡು ತಡವರಿಸುತ್ತದೆ. ಕಿವಿಗೆ ಪರಿಚಿತವಾದುದು ಕಣ್ಣಿಗೆ ಅಪರಿಚಿತವಾಗುತ್ತದೆ. ಕೆಲವು ಪದಗಳ ಅರ್ಥವೂ ನಮ್ಮಲ್ಲಿ ಬದಲಾಗಿದೆ: ‘ಹೋಟೆಲ್’ ಎಂದರೆ ನಮಗೆ ಊಟ ತಿಂಡಿಯ ಸ್ಥಳ, ಇಂಗ್ಲಿಷಿನಲ್ಲಿ ಮುಖ್ಯವಾಗಿ ತಂಗುವ ಸ್ಥಳ. ಓದುವಾಗ ಗುರುತಿಸಿದ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸುವುದು ಇನ್ನೂ ಕಷ್ಟಕರವಾದುದರಿಂದ, ಓದಿ ಅರ್ಥಮಾಡಿಕೊಳ್ಳುವ ವಿದ್ಯಾರ್ಥಿಯೂ ಪತ್ರಲೇಖನದಲ್ಲಿ ಅಂಕ ಕಳೆದುಕೊಳ್ಳುವುದುಂಟು.

ಈ ಕೊರತೆಯ ಪರಿಣಾಮ ಹತ್ತನೇ ತರಗತಿಯ ನಂತರವೇ ಹೆಚ್ಚಾಗಿ ಕಂಡುಬರುತ್ತದೆ. ಪದವಿಪೂರ್ವ ವಿಜ್ಞಾನ ವಿಭಾಗದ ಬೋಧನೆಯು ಬಹುತೇಕ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ‘ವೇಗೋತ್ಕರ್ಷ’ವು ‘ಆಕ್ಸಲರೇಷನ್’ ಆಗುವುದು, ‘ದ್ಯುತಿಸಂಶ್ಲೇಷಣೆ’ಯು ‘ಫೋಟೋಸಿಂಥಸಿಸ್’ ಆಗುವುದು ಅಷ್ಟೇನೂ ತೊಡಕಲ್ಲ. ಅವುಗಳನ್ನು ಉಪನ್ಯಾಸಕರು ವಿವರಿಸಿಯೇ ವಿವರಿಸುತ್ತಾರೆ. ‘ಅಸ್ಯೂಮ್’, ‘ಡಿರೈವ್’, ‘ರೆಸ್ಪೆಕ್ಟಿವ್ಲಿ’ಯಂತಹ ಪದಗಳನ್ನು ಮಾತ್ರ ಯಾರೂ ಪ್ರತ್ಯೇಕವಾಗಿ ಕಲಿಸುವುದಿಲ್ಲ. ಪ್ರಶ್ನೆ ಏನು ಕೇಳುತ್ತಿದೆಯೆಂಬುದೇ ತಿಳಿಯದೆ, ವಿಷಯ ಬಲ್ಲ ವಿದ್ಯಾರ್ಥಿಯು ಹಿಂದುಳಿಯುತ್ತಾನೆ. ಆದ್ದರಿಂದ ಎಂಟನೇ ತರಗತಿಯಿಂದಲೇ ಇಂತಹ ಪದಗಳನ್ನು ವಾಕ್ಯಸಹಿತ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ಕೆಲವು ದಿನಗಳ ಅಂತರದಲ್ಲಿ ಮರಳಿ ಓದುವುದು ಸೂಕ್ತ. ಒಂದೇ ರಾತ್ರಿಯಲ್ಲಿ ಐವತ್ತು ಪದ ಕಲಿತರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತವೆ. ಇಂಗ್ಲಿಷ್-ಕನ್ನಡ ನಿಘಂಟಿನ ಬಳಕೆಗೆ ಸಂಕೋಚಪಡಬೇಕಾಗಿಲ್ಲ.

ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದಿದರೆ ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಕ್ಕೆ ಅಡ್ಡಿಯಾಗುವುದೇ ಎಂದು ಅನೇಕ ಪೋಷಕರು ವಿಚಾರಿಸುತ್ತಾರೆ. ಅಡ್ಡಿಯಾಗುವುದಿಲ್ಲ, ಉಳಿದ ವಿಷಯಗಳನ್ನು ಯಾವ ಮಾಧ್ಯಮದಲ್ಲಿ ಓದಲಾಗಿದೆ ಎಂಬುದನ್ನಷ್ಟೇ ಪರಿಗಣಿಸಲಾಗುತ್ತದೆ. ಆದರೆ ಸರ್ಕಾರಿ ಶಾಲೆಗಳಲ್ಲಿ 2019-20ರಿಂದ ಆರಂಭಗೊಂಡ ಆಂಗ್ಲ ಮಾಧ್ಯಮ ವಿಭಾಗಗಳಲ್ಲಿ ಓದಿದ ವರ್ಷಗಳು ಕನ್ನಡ ಮಾಧ್ಯಮವೆಂದು ಪರಿಗಣಿಸಲ್ಪಡುವುದಿಲ್ಲವಾದ್ದರಿಂದ, ದಾಖಲಾತಿ ಸಮಯದಲ್ಲಿಯೇ ವಿಭಾಗವನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಪ್ರಮಾಣಪತ್ರಕ್ಕಾಗಿ ವ್ಯಾಸಂಗ ಮಾಡಿದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅರ್ಜಿ ಸಲ್ಲಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಪಡೆಯತಕ್ಕದ್ದು.