ಸಾಹುಕಾರರ ದೋಣಿಯಿಂದ ಬಾಂಬು ಎಸೆದವರು

ರಾತ್ರಿಪಾಳಿಯಲ್ಲಿ ಸರ್ವರ್ ಬಿದ್ದರೆ ನಾವು ಊರಿಗೆಲ್ಲ ಕೇಳುವ ಹಾಗೆ ಗೊಣಗುತ್ತೇವೆ. 1960ರ ಸುಮಾರಿಗೆ ‘ವೇಮಾ’ ಹಡಗಿನಲ್ಲಿ ಪಾಳಿಯ ಕೆಲಸ ಏನಿತ್ತು ಗೊತ್ತಾ? ಅರ್ಧ ಪೌಂಡ್ ಟಿಎನ್‌ಟಿ ಕೈಯಲ್ಲಿ ಹಿಡಿದು, ಬತ್ತಿಗೆ ಬೆಂಕಿ ಹಚ್ಚಿ, ಹಡಗಿನ ಹಿಂಬದಿಯಿಂದ ಸಮುದ್ರಕ್ಕೆ ಎಸೆಯುವುದು. ಕೆಲವು ನಿಮಿಷ ಬಿಟ್ಟು ಇನ್ನೊಂದು. ಆಮೇಲೆ ಮತ್ತೊಂದು. ದೀಪಾವಳಿಯಲ್ಲಿ ಆಟಂ ಬಾಂಬ್ ಹಚ್ಚಿ ಓಡುತ್ತಿದ್ದೆವಲ್ಲ, ಇಲ್ಲಿ ಓಡುವುದಕ್ಕೆ ಜಾಗವೂ ಇಲ್ಲ!

ವೇಮಾ ಹುಟ್ಟಿದ್ದು ಇಂಥ ಕೆಲಸಕ್ಕಲ್ಲ. ಹಟನ್ ಎಂಬ ಅಮೆರಿಕದ ಸಾಹುಕಾರರ ವಿಹಾರಕ್ಕೆಂದು 1923ರಲ್ಲಿ ಡೆನ್ಮಾರ್ಕಿನಲ್ಲಿ ಕಟ್ಟಿದ ಮೂರು ಕಂಬದ ಹಾಯಿಹಡಗು ಅದು. 1953ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಲ್ಯಾಮಾಂಟ್ ಸಂಸ್ಥೆಗೆ ಬಂತು. ಅಲ್ಲಿನ ಮುಖ್ಯಸ್ಥ ಮಾರಿಸ್ ಯೂಯಿಂಗ್‌ಗೆ ಸಮುದ್ರದ ತಳದ ಹುಚ್ಚು. ಹಡಗು ಎಲ್ಲೇ ಇರಲಿ, ದಿನಕ್ಕೊಂದು ಕಡೆ ತಳಕ್ಕೆ ಕೊಳವೆ ಇಳಿಸಿ ಕೆಸರು ಮೇಲೆತ್ತಬೇಕು ಅನ್ನುವುದು ಅವರ ನಿಯಮ.

1954ರ ಜನವರಿ. ಬಿರುಗಾಳಿಯಲ್ಲಿ ಡೆಕ್ಕಿನ ಎಣ್ಣೆ ಡ್ರಮ್ಮುಗಳು ಸಡಿಲವಾದವು. ಅವನ್ನು ಕಟ್ಟಲು ಹೋದ ಯೂಯಿಂಗ್, ಅವರ ತಮ್ಮ ಜಾನ್ ಮತ್ತು ಇನ್ನಿಬ್ಬರನ್ನು ಅಲೆ ಎಳೆದುಕೊಂಡು ಹೋಯಿತು. ಮೂವರು ಉಳಿದರು. ಹಡಗಿನ ಅಧಿಕಾರಿ ಚಾರ್ಲ್ಸ್ ವಿಲ್ಕಿ ವಾಪಸು ಬರಲಿಲ್ಲ. ಯೂಯಿಂಗ್ ಆಮೇಲೆ ಜೀವನವಿಡೀ ಸ್ವಲ್ಪ ಕುಂಟುತ್ತಿದ್ದರು, ಆದರೂ ಸಮುದ್ರ ಬಿಡಲಿಲ್ಲ. 1961ರಲ್ಲಿ ಟಿಎನ್‌ಟಿ ಬೇಗನೆ ಸಿಡಿದು ಇನ್ನೊಬ್ಬ ವಿಜ್ಞಾನಿ ಸತ್ತರು. ಗಾಳಿಯನ್ನು ಒತ್ತಿಟ್ಟು ಒಮ್ಮೆಲೇ ಬಿಡುವ ಏರ್‌ಗನ್ ಬಂದ ಮೇಲೆ ಈ ಬಾಂಬುಗಳ ಕಾಟ ತಪ್ಪಿತು.

ಇಷ್ಟೆಲ್ಲ ಯಾಕೆ ಅಂತೀರಾ? ಸ್ಫೋಟದ ಸದ್ದು ಮೊದಲು ತಳದ ಕೆಸರಿಗೆ, ಆಮೇಲೆ ಅದರಡಿಯ ಬಂಡೆಗೆ ಬಡಿದು ವಾಪಸು ಬರುತ್ತದೆ. ಹಡಗಿನ ಹಿಂದೆ ನೀರಿನಲ್ಲಿ ಎಳೆದೊಯ್ಯುವ ಮೈಕು ಎರಡನ್ನೂ ಕೇಳಿಸಿಕೊಳ್ಳುತ್ತದೆ. ನಡುವಿನ ಅಂತರದಿಂದ ಕೆಸರಿನ ದಪ್ಪ ಲೆಕ್ಕ ಹಾಕಬಹುದು. ಕೋಟಿಗಟ್ಟಲೆ ವರ್ಷಗಳಿಂದ ಬಿದ್ದ ಕೆಸರು ಕಿಲೋಮೀಟರುಗಟ್ಟಲೆ ಇರಬೇಕಿತ್ತು. ನೋಡಿದರೆ ತೀರಾ ತೆಳು, ಸಾಗರದ ನಡುವಿನ ಪರ್ವತಸಾಲಿನ ಮೇಲಂತೂ ಇಲ್ಲವೇ ಇಲ್ಲ ಅನ್ನುವಷ್ಟು. ಅಂದರೆ ಆ ತಳ ಹಳೆಯದಲ್ಲ, ಈಗೀಗ ಹುಟ್ಟಿದ್ದು! ಖಂಡಗಳು ಚಲಿಸುತ್ತವೆ ಅನ್ನುವುದಕ್ಕೆ ಇದೂ ಒಂದು ಪುರಾವೆಯಾಯಿತು. ತಮಾಷೆಯೆಂದರೆ ಯೂಯಿಂಗ್ ಆ ಮಾತನ್ನು ಬಹುಕಾಲ ಒಪ್ಪಿರಲೇ ಇಲ್ಲ.

ನನಗೆ ಬೇಜಾರಾಗುವುದು ಮೇರಿ ಥಾರ್ಪ್ ವಿಷಯಕ್ಕೆ. ಈ ಹಡಗುಗಳು ತಂದ ಅಂಕಿಗಳಿಂದ ಸಾಗರತಳದ ನಕ್ಷೆ ಬರೆದಾಕೆಗೆ, ಹೆಂಗಸು ಅನ್ನುವ ಕಾರಣಕ್ಕೆ, ಬಹುಕಾಲ ಹಡಗು ಹತ್ತುವ ಅವಕಾಶ ಸಿಗಲಿಲ್ಲ.

ಹತ್ತು ಲಕ್ಷಕ್ಕೂ ಹೆಚ್ಚು ನಾಟಿಕಲ್ ಮೈಲಿ ಓಡಿದ ವೇಮಾ 1981ರಲ್ಲಿ ನಿವೃತ್ತಿಯಾಯಿತು. ಆಮೇಲೆ ‘ಮ್ಯಾಂಡಲೇ’ ಎಂಬ ಹೆಸರಿನಲ್ಲಿ ಕೆರಿಬಿಯನ್‌ನಲ್ಲಿ ಪ್ರವಾಸಿಗರನ್ನು ಸುತ್ತಿಸುತ್ತಿತ್ತು. ಮತ್ತೆ ವಿಹಾರಕ್ಕೇ.